ಪಿಸ್ತೂಲಿನ ಮೇಲೆ ಅವರೆ ಬಳ್ಳಿ

ಸಾಹೇಬರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಎಂದೋ ಸುತ್ತಿಗೆ ಜಾರಿ ಬಿದ್ದ ಪೆಟ್ಟು. ಆ ಸೀಳಿನೊಳಗೆ ಹಿತ್ತಾಳೆಯ ಪುಡಿ ಸೇರಿಕೊಂಡು, ಬಿಸಿಲಿಗೆ ಕೈ ಚಾಚಿದಾಗ ಹೊಂಬಣ್ಣದ ಸಣ್ಣ ಗೆರೆಯೊಂದು ಹೊಳೆಯುತ್ತಿತ್ತು. ಎಷ್ಟು ಸೋಪು ಹಚ್ಚಿ ತೊಳೆದರೂ ಹೋಗದು.

ದೊಡ್ಡಬಳ್ಳಾಪುರದ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ನಾನು ಮದುವೆಯಾಗಿ ಬರುವುದಕ್ಕೆ ಮೊದಲಿನಿಂದಲೂ ಸಾಹೇಬರು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದರು. ಗಿರಾಕಿಗಳು ಕೊಂಡ ಪಾತ್ರೆಗೆ ಉಳಿ, ಸುತ್ತಿಗೆಯಿಂದ ಹೆಸರು ಕೊರೆದುಕೊಡುವುದು ಅವರ ಕೆಲಸ. ಪೇಟೆಗೆಲ್ಲ ಅವರು 'ಹೆಸರು ಸಾಹೇಬರು'. ಹತ್ತು ಗಂಟೆಗೆ ಟೀ ಬಂದರೆ ಅರ್ಧವನ್ನು ಸಾಸರಿಗೆ ಬಗ್ಗಿಸಿ, ಆರುವವರೆಗೆ ಒಂದು ಅಕ್ಷರ ಕೊರೆದು, ಆಮೇಲೆ ಕುಡಿಯುತ್ತಿದ್ದರು. ಶುಕ್ರವಾರ ನಮಾಜಿಗೆ ಹೊರಟಾಗ ಉಳಿಗಳ ಡಬ್ಬಿಯನ್ನು ನನ್ನ ಕೈಗೇ ಕೊಡುತ್ತಿದ್ದರು. "ನಿಮ್ಮ ಯಜಮಾನ್ರ ಕೈಗೆ ಕೊಡಲ್ಲ ತಂಗ್ಯಮ್ಮ, ಅವರು ಅದ್ರಲ್ಲಿ ಮೊಳೆ ಹೊಡೀತಾರೆ." ಒಂದು ಸಲ ಹೊಡೆದಿದ್ದರು ಕೂಡ.

ಅವರದೊಂದು ಹಟವಿತ್ತು. ಪಾತ್ರೆಯ ಮೇಲೆ ಮೊದಲು ಸ್ಕೆಚ್ ಪೆನ್ನಿನಲ್ಲಿ ಹೆಸರನ್ನು ಮನೆಯವರೇ ಬರೆಯಬೇಕು. ಆ ಅಕ್ಷರ ಸೊಟ್ಟಗಿದ್ದರೆ ಸೊಟ್ಟಗೇ, ದಪ್ಪಗಿದ್ದರೆ ದಪ್ಪಗೇ, ಅದರ ಜಾಡು ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಿದ್ದರು. "ನಿಮ್ಮ ಮನೇಲಿ ನನ್ನ ಅಕ್ಷರ ಯಾಕಿರ್ಬೇಕು?" ಎನ್ನುವರು. ರಾಜಘಟ್ಟದ ಕಡೆಯ ಹೆಂಗಸೊಬ್ಬರು ಮಗಳ ಮದುವೆಗೆ ಬಿಂದಿಗೆ ಕೊಂಡಾಗ, ಬರೆಯಲು ಬಾರದ ಅವರಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿಸಿ, ಆಮೇಲೆ ಬಿಂದಿಗೆ ಮುಂದಿಟ್ಟರು. ಮಧ್ಯಾಹ್ನವೇ ಕಳೆಯಿತು.

"ಹಿಂಗಾದ್ರೆ ಬಿಂದಿಗೆಗೊಂದು ದಿನ ಸಾಹೇಬ್ರೇ!" ಎಂದು ನನ್ನ ಯಜಮಾನರು ರೇಗಿದರು.

"ಬಿಂದಿಗೆ ನಲವತ್ತು ವರ್ಷ ಬಾಳ್ತದೆ ಸ್ವಾಮಿ. ಒಂದು ದಿನ ಕೊಟ್ರೆ ಏನು ಹೋಯ್ತು?"

ನನ್ನ ಕೊನೆಯ ತಮ್ಮ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಹೆಣ್ಣು ನೋಡುತ್ತಿದ್ದೆವು. ಆ ಚಳಿಗಾಲದಲ್ಲಿ ಬೆಟ್ಟದ ದಾರಿಯಲ್ಲಿ ಲಾರಿ ಕಣಿವೆಗೆ ಉರುಳಿತು. ಹತ್ತಿರದ ಮಧುರೆ ಹಳ್ಳಿಯಲ್ಲಿ ನಮ್ಮಣ್ಣನ ಜೊತೆಗಿದ್ದ ಅಮ್ಮ ಅಂದಿನಿಂದ ಅವನ ಹೆಸರೆತ್ತಲಿಲ್ಲ. ನಾವೂ ಎತ್ತಲಿಲ್ಲ. 'ಅವನು' ಎನ್ನಬೇಕಾದ ಕಡೆ ಸುಮ್ಮನಾಗಿ ಮಾತು ಮುಂದುವರಿಸುವುದು ಮನೆಮಂದಿಗೆಲ್ಲ ರೂಢಿಯಾಗಿಹೋಯಿತು.

ವರ್ಷದ ಕಾರ್ಯ ಹತ್ತಿರ ಬಂದಾಗ ಅವನ ಜೊತೆಗಿದ್ದ ಇಬ್ಬರು ಸೈನಿಕರು ರಜೆಯ ಮೇಲೆ ಅಂಗಡಿಗೆ ಬಂದರು. ಕೈಯಲ್ಲಿ ಹಿತ್ತಾಳೆಯ ಪಿಸ್ತೂಲು. ಗುಂಡು ಹಾರಿಸುವುದಲ್ಲ, ಎರಕ ಹೊಯ್ದದ್ದು. ಹಲಗೆಗೆ ಕೂರಿಸಿ, ಗೆಳೆಯನ ನೆನಪಿಗೆಂದು ಅಮ್ಮನಿಗೆ ಕೊಡಬೇಕೆಂದು ಅವರ ಆಸೆ. ಅದರ ಮೇಲೆ ಚಿತ್ರ, ಹೆಸರು ಕೊರೆಸಬೇಕಿತ್ತು.

ಅಭಿಪ್ರಾಯಗಳಿಗೆ ಬರವೇ? ಹಿರಿಯ ಸೈನಿಕ ಬಾಯಿ ತೆರೆದ ಹುಲಿ ಬೇಕೆಂದ. ಕಿರಿಯವನು ಹದ್ದು ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ನನ್ನ ಯಜಮಾನರು ಬಾವುಟ ಎಂದರು. ಪಕ್ಕದ ಬಟ್ಟೆ ಅಂಗಡಿಯವರು ಎದ್ದು ಬಂದು, "ಹಿಡಿ ಮೇಲೆ ಬಾರ್ಡರ್ ಥರ ನವಿಲು ಬರ್ಲಿ, ರಿಚ್ಚಾಗಿರ್ತದೆ" ಎಂದರು.

"ಸೀರೆ ಅಲ್ಲ ಸ್ವಾಮಿ ಇದು" ಎಂದರು ಸಾಹೇಬರು. ಪಿಸ್ತೂಲನ್ನು ತಿರುಗಿಸಿ ನೋಡಿ, "ಜಾಗ ಇರೋದೇ ಎರಡು ಬೆರಳಗಲ. ಎಲೆ ತುಂಬ ಬಡಿಸ್ಬಿಟ್ರೆ ಉಣ್ಣೋರು ಕೈ ಎಲ್ಲಿಡ್ತಾರೆ?" ಎಂದರು.

ನಾನು ಚೀಟಿ ಬರೆದುಕೊಟ್ಟೆ. ಗುಡಿಗೆ ಕೊಡುವ ಪಾತ್ರೆಗಳಿಗೆ ಬರೆದು ಬರೆದು ಕೈಗೆ ಅಭ್ಯಾಸ. ಮೇಲೆ 'ದಿವಂಗತ', ಕೆಳಗೆ ಹೆಸರು, ತೀರಿಕೊಂಡ ತಾರೀಖು, 'ಜ್ಞಾಪಕಾರ್ಥ'. ಸಾಹೇಬರು ಅದನ್ನು ಓದಿ ಡಬ್ಬಿಯ ಕೆಳಗಿಟ್ಟರು.

"ತಾಯಿ ಇದ್ದಾರಲ್ಲ, ಅವರು ಬರೀಲಿ."

"ಅಮ್ಮ ಅದನ್ನ ನೋಡಕ್ಕೂ ಒಪ್ಪಲ್ಲ ಸಾಹೇಬ್ರೇ. ಹೊಸಿಲು ದಾಟಕೂಡದು ಅಂತ ಫೋನಲ್ಲೇ ಕೂಗಾಡಿದ್ರು."

"ಹೊಸಿಲು ದಾಟೋದು ಬೇಡ. ಜಗಲಿ ಮೇಲೆ ಕೂತ್ಕೋತೀನಿ."

ಮಾರನೆಯ ಬೆಳಿಗ್ಗೆ ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಜೊತೆ ಮಧುರೆಯ ಬಸ್ಸು ಹತ್ತಿದರು. ಅಮ್ಮ ಜಗಲಿಯ ಮೇಲೆ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ಸಾಹೇಬರು ಸಲಾಮು ಹೇಳಿ, ಎದುರು ಕೂತು, ತಾವೂ ನಾಲ್ಕು ಕಾಯಿ ತೆಗೆದುಕೊಂಡು ಸುಲಿಯತೊಡಗಿದರು. ಅರ್ಧ ಮೊರ ಕಾಳಾದ ಮೇಲೆ ಟವೆಲು ಬಿಚ್ಚಿದರು.

"ಅಮ್ಮಾ, ಇದರ ಮೇಲೆ ಏನಿರ್ಬೇಕು ಅಂತ ಪೇಟೆಯೋರೆಲ್ಲ ಹೇಳಾಯ್ತು. ಹುಲಿ ಅಂತಾರೆ, ಹದ್ದು ಅಂತಾರೆ. ನೀವೊಬ್ರೇ ಬಾಕಿ."

ಅಮ್ಮನ ಕೈ ನಿಂತಿತು.

"ಹುಲಿಯಾ?" ಎಂದರು ಅಮ್ಮ. "ಅವ್ನು ಬೀದಿ ನಾಯಿ ಕಂಡ್ರೆ ನನ್ನ ಸೆರಗಿನ ಹಿಂದೆ ಸೇರ್ಕೊಳ್ತಿದ್ದ. ಲಾರಿ ಓಡುಸ್ತಿದ್ದೋನಿಗೆ ಪಿಸ್ತೂಲ್ ಯಾಕೆ ಸಾಹೇಬ್ರೇ?"

"ಗೆಳೆಯರು ಪ್ರೀತಿಗೆ ತಂದಿದ್ದಾರೆ ಅಮ್ಮ. ಅವರಿಗೆ ಗೊತ್ತಿರೋದು ಅದೇ. ಅವನಿಗೆ ಏನು ಇಷ್ಟ ಇತ್ತು, ನೀವು ಹೇಳಿ."

ಅಮ್ಮ ಮೊರದತ್ತ ನೋಡಿದರು. "ಇದು. ಸೊಗಡು ಮೂಗಿಗೆ ಬಡೀಬೇಕು ಅವ್ನಿಗೆ. ರಜೆ ಸಿಕ್ರೆ ಅವರೆಕಾಯಿ ಕಾಲಕ್ಕೇ ಸಿಗ್ಲಿ ಅಂತ ಮುನಿಯಪ್ಪಂಗೆ ಹರಕೆ ಹೊತ್ಕೊಳ್ತಿದ್ದ." ಅಷ್ಟು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಒಂದು ವರ್ಷದಲ್ಲಿ ಮೊದಲ ಸಲ ದನಿ ತೆಗೆದು ಅತ್ತರು. ಸಾಹೇಬರು ಉಳಿದ ಕಾಯಿ ಸುಲಿಯುತ್ತ ಕೂತರು. ಅಳು ನಿಂತ ಮೇಲೆ ಸ್ಕೆಚ್ ಪೆನ್ನು ಮುಂದೆ ಹಿಡಿದರು.

ಅಮ್ಮ ಬರೆದದ್ದು ಸೈನ್ಯದ ದಾಖಲೆಯ ಹೆಸರಲ್ಲ, ಮನೆಯಲ್ಲಿ ಕರೆಯುತ್ತಿದ್ದ ಎರಡಕ್ಷರದ ಹೆಸರು. ಅದರ ಮುಂದೆ ಏನನ್ನೂ ಬರೆಯಲಿಲ್ಲ, ಹಿಂದೆಯೂ ಬರೆಯಲಿಲ್ಲ. ಬಸ್ಸಿನಲ್ಲಿ ನಾನು ಮೆಲ್ಲಗೆ, "ದಿವಂಗತ ಅಂತ..." ಎಂದೆ. "ಅದನ್ನ ಅಮ್ಮ ಬರೀಲಿಲ್ಲ. ನಾನ್ಯಾಕೆ ಕೊರೀಲಿ?" ಎಂದು ಕಿಟಕಿಯತ್ತ ತಿರುಗಿದರು.

ನಾಲ್ಕು ದಿನ ಕೂತು ಹಿಡಿಯ ಮೇಲೆ ಅವರೆ ಬಳ್ಳಿ ಕೊರೆದರು. ಮೂರು ಎಲೆ, ಒಂದು ಹೂಗೊಂಚಲು, ಕಾಳು ಉಬ್ಬಿದ ಎರಡು ಕಾಯಿ. ನಳಿಗೆಯ ಮೇಲೆ ಅಮ್ಮನ ಸೊಟ್ಟ ಅಕ್ಷರ. ಉಳಿದದ್ದೆಲ್ಲ ಖಾಲಿ. ಬಟ್ಟೆ ಅಂಗಡಿಯವರಿಗೆ ಹಿಡಿಸಲಿಲ್ಲ. ಕಾರ್ಯದ ದಿನ ಹಿರಿಯ ಸೈನಿಕ ಅದನ್ನು ನೋಡಿ ಮೊದಲು ನಕ್ಕ. "ಅಯ್ಯೋ ಅಕ್ಕಾ, ಆ ಹಿಮದಲ್ಲೂ ಸೊಗಡು ಸೊಗಡು ಅಂತ ನಮ್ ತಲೆ ತಿಂದ್ಬಿಟ್ಟಿದ್ನಲ್ಲ" ಎಂದವನು ಮಾತು ಮುಗಿಸಲಾಗದೆ ಹಿತ್ತಲಿಗೆ ಹೋದ. ಹೊಸಿಲು ದಾಟಿಸಿ ಅದನ್ನು ಒಳಗೆ ಒಯ್ದವರು ಅಮ್ಮನೇ.

ಸಂಜೆ ಪಾತ್ರೆ ತೊಳೆಯುವಾಗ ಅಮ್ಮ ನನಗೆ ಹೇಳಿದರು: "ಒಂದು ವರ್ಷ ನೀವೆಲ್ಲ ಸೇರಿ ಅವ್ನು ಹುಟ್ಟೇ ಇರ್ಲಿಲ್ವೇನೋ ಅನ್ನಂಗೆ ಮಾಡ್ಬಿಟ್ರಿ. ಆ ಸಾಹೇಬ್ರು ಬಂದು ನನ್ನ ಮಗನ್ನ ನನಗೆ ವಾಪಸ್ ಕೊಟ್ರು ಕಣೇ. ಅವ್ರಿಗೆ ಹೇಳು."

ಹೇಳಬೇಕೆಂದುಕೊಂಡೆ. ಗಿರಾಕಿ ಬಂದರು. ಮದುವೆ ಸೀಸನ್ ಶುರುವಾಯಿತು. ನನ್ನ ಗಲ್ಲಾಪೆಟ್ಟಿಗೆಯಿಂದ ಅವರ ಗೋಣಿತಾಟಿಗೆ ಹತ್ತು ಹೆಜ್ಜೆ. ದಿನಾ ಕಾಣುವ ಮನುಷ್ಯ, ನಾಳೆ ಹೇಳಿದರಾಯಿತು ಎಂದು ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಮುಂಗಾರು ಹಿಡಿದ ವಾರ, ಬೆಳಗಿನ ನಮಾಜಿಗೆ ಎದ್ದವರು ನೀರಿನ ಬಕೆಟ್ಟಿನ ಬಳಿಯೇ ಕುಸಿದರಂತೆ. ಮತ್ತೆ ಏಳಲಿಲ್ಲ.

ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ ನನ್ನ ಗುರುತು ಹಿಡಿದು ಪಕ್ಕಕ್ಕೆ ಕರೆದರು.

"ನಿಮ್ಮ ತಾಯಿ ಹೆಂಗಿದ್ದಾರೆ ಅಕ್ಕಾ? ಆವತ್ತು ಮಧುರೆಯಿಂದ ಬಂದು ಊಟಾನೇ ಮಾಡ್ಲಿಲ್ಲ ಇವರು. ಸುಮ್ನಿದ್ದ ತಾಯಿನ ಅಳಿಸಿ ಬಂದೆ, ತಪ್ಪು ಮಾಡಿದ್ನೇನೋ ಅಂತ. ಮೊನ್ನೆ ಮೊನ್ನೆನೂ ಅದೇ ಮಾತು."

ನಾನು ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ಅವರಿಗೆ ಹೇಳಿದ್ರಾ ಅಕ್ಕಾ?" ಎಂದರು.