ಮೂರನೇ ಮಹಡಿಯ ನಗು

“ಅವಳು ಅರ್ಧ ಲೋಟ ಹಾಲು ಕುಡಿದ್ಲು, ಅಕ್ಕಾ.”

“ನಾನು ಕೇಳಿದ್ದು ನಿಮ್ಮನ್ನ. ನೀವು ತಿಂಡಿ ತಿಂದ್ರಾ ಅಂತ.”

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಲಿಫ್ಟಿನಲ್ಲಿ ಫ್ಲಾಸ್ಕ್ ಹಿಡಿದು ನಿಂತ ದರ್ಜಿ ತಡವರಿಸುತ್ತಾರೆ. ಅವರ ಹೆಂಡತಿ ಪಾರ್ಶ್ವವಾಯು ಬಡಿದು ಮಲಗಿದ್ದಾರೆ. ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವ ಹೆಂಗಸಿಗೆ ಆ ತಡವರಿಕೆಯೇ ಸಾಕು.

“ಶನಿವಾರ ಮಧ್ಯಾಹ್ನ ಮೂರನೇ ಮಹಡಿ, ಕೊನೇ ಕೋಣೆ. ನೋಡ್ಕೊಳ್ಳೋರ ಕೂಟ. ಕಾಯಿಲೆಯೋರಿಗಲ್ಲ, ನಿಮ್ಮಂಥೋರಿಗೆ.”

ಎಲ್ಲರ ಬಾಯಲ್ಲೂ ಈಕೆ ‘ಲಿಫ್ಟಕ್ಕ’. ಡಾಕ್ಟರು ರೋಗಿಯ ಬಗ್ಗೆ ಹೇಳುತ್ತಾರೆ, ನರ್ಸು ಮಾತ್ರೆಯ ಬಗ್ಗೆ ಹೇಳುತ್ತಾರೆ. ರೋಗಿಯನ್ನು ನೋಡಿಕೊಳ್ಳುತ್ತಾ ತಾವೇ ಸವೆದು ಹೋಗುವವರು ಒಟ್ಟಿಗೆ ಕೂತು ಮಾತಾಡಲು ಒಂದು ಜಾಗವಿದೆ ಎಂದು ಹೇಳುವವರು ಈಕೆ. ಕೂಟದ ಅರ್ಧ ಕುರ್ಚಿ ತುಂಬಿರುವುದು ಈ ಲಿಫ್ಟಿನಿಂದಲೇ. ಆದರೆ ಲಿಫ್ಟಕ್ಕ ಮಾತ್ರ ಒಂದು ದಿನವೂ ಅಲ್ಲಿ ಕೂತವರಲ್ಲ.

ಮನೆಯಲ್ಲಿ ನೆನಪು ಕಳೆದುಕೊಂಡ ಅತ್ತೆ ಇದ್ದಾರೆ. ಮೈ ಒರೆಸಿ, ಸೀರೆ ಬದಲಿಸಿ, ಅನ್ನ ಕಲಸಿಟ್ಟು ಲಿಫ್ಟಕ್ಕ ಕೆಲಸಕ್ಕೆ ಓಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ಗಂಡ ಮಧ್ಯಾಹ್ನ ತಿನ್ನಿಸುತ್ತಾರೆ. ಈ ಕೂಟದ ಬಗ್ಗೆ ಬರೆಯಲು ಬಂದ ನಾನು ಕಷ್ಟವೇ ಎಂದು ಕೇಳಿದರೆ ಲಿಫ್ಟಕ್ಕ ನಗುತ್ತಾರೆ.

“ಕಷ್ಟ ಬಿಡಿ, ಅಭ್ಯಾಸ ಆಗೋಯ್ತು. ನನ್ನ ಸಂಕಟ ನನ್ನ ನಾದಿನಿ. ಭಾನುವಾರ ಸೆಂಟ್ ಹಾಕ್ಕೊಂಡು ಬರ್ತಾಳೆ, ಅಮ್ಮನ ಕೆನ್ನೆ ಹಿಂಡ್ತಾಳೆ, ಹೋಗ್ತಾಳೆ. ಅತ್ತೆ ಮುಖ ನೋಡ್ಬೇಕು ನೀವು, ಕೋಣೆಗೆ ಲೈಟೇ ಬೇಡ! ಅವಳು ಹೋದ್ಮೇಲೆ ನನ್ನ ಕಡೆ ಬೆರಳು ಮಾಡಿ ಮಗನ್ನ ಕೇಳ್ತಾರೆ, ‘ಈ ಕೆಲಸದೋಳು ಯಾವಾಗ ಹೋಗ್ತಾಳೆ?’ ಅಂತ.”

ನಾನೂ ನಗುತ್ತೇನೆ. ಅವರು ನಗುವುದಿಲ್ಲ.

“ಇದನ್ನ ಕೂಟದಲ್ಲಿ ಹೇಳಕ್ಕಾಗುತ್ತಾ? ಅಲ್ಲಿ ಎಲ್ರೂ ದೊಡ್ಡ ದೊಡ್ಡ ದುಃಖ ಹೊತ್ಕೊಂಡು ಬರ್ತಾರೆ. ನಾನು ಹೋಗಿ ಹೊಟ್ಟೆಕಿಚ್ಚು ಬಿಚ್ಚಿಡ್ಲಾ? ಹೋಗ್ಲಿ, ಆ ಮೂರನೇ ಮಹಡೀಲಿ ಬಾಗಿಲು ತೆಗೆದಾಗೆಲ್ಲ ನಗು ಕೇಳುತ್ತೆ. ಕಳಿಸಿದೋಳು ನಾನೇ. ಆದ್ರೂ ಮೈಯೆಲ್ಲ ಉರಿಯುತ್ತೆ. ಅಳೋದಕ್ಕೆ ಅಂತ ಕಳಿಸಿದ್ರೆ ಇವರಿಗೆ ನಗು ಎಲ್ಲಿಂದ ಬಂತು?”

ಒಂದು ತಿಂಗಳ ನಂತರ ಶನಿವಾರ ಮತ್ತೆ ಹೋಗುತ್ತೇನೆ. ಇವತ್ತು ಲಿಫ್ಟಕ್ಕನ ಪಾಳಿ ಬೇಗ ಮುಗಿದಿದೆ, ಸ್ಟೂಲಿನ ಮೇಲೆ ಬೇರೆಯವರು. ಕೈಚೀಲ ಹೆಗಲಿಗೇರಿಸಿ ಹೊರಟ ಲಿಫ್ಟಕ್ಕನಿಗೆ ದರ್ಜಿ ಎದುರಾಗುತ್ತಾರೆ. ಹೆಂಡತಿಯನ್ನು ವ್ಯಾಯಾಮದ ಕೋಣೆಯಲ್ಲಿ ಬಿಟ್ಟು ಕೂಟಕ್ಕೆ ಹೊರಟಿದ್ದಾರೆ.

“ಅಕ್ಕಾ, ಊಟ ಆಯ್ತಾ?”

“ಅತ್ತೆಗೆ ಕಲಸಿಟ್ಟು ಬಂದಿದೀನಿ, ನಮ್ಮೆಜಮಾನ್ರು...” ಅಂದವರು ನಾಲಿಗೆ ಕಚ್ಚಿಕೊಳ್ಳುತ್ತಾರೆ.

“ನಾನು ಕೇಳಿದ್ದು ನಿಮ್ಮನ್ನ!” ದರ್ಜಿ ಲಿಫ್ಟಿನೊಳಗೆ ನಿಂತು ಬಾಗಿಲಿಗೆ ಕೈ ಅಡ್ಡ ಹಿಡಿಯುತ್ತಾರೆ. “ಬನ್ನಿ, ಹತ್ತಿ.”

“ಬೇಡಣ್ಣಾ. ನಂದು ಬರೀ ಹೊಟ್ಟೆಕಿಚ್ಚಿನ ಕತೆ.”

“ಹೋದ ವಾರ ನಾನೇನು ಹೇಳ್ದೆ ಅಂದ್ಕೊಂಡ್ರಿ? ನನ್ನ ಷಡ್ಡಕ ಬಂದು ಒಂದು ಜೋಕು ಹೊಡೆದ, ನಮ್ಮವಳು ಸೊಟ್ಟ ಬಾಯಲ್ಲೇ ಕಿಲಕಿಲ ಅಂದ್ಲು. ದಿನಾ ತುತ್ತು ಇಡೋನು ನಾನು, ನಗು ಅವನಿಗೆ! ಅವನ ಕತ್ತು ಹಿಸುಕೋಣ ಅನ್ನಿಸ್ತು ಅಂದೆ. ಕೂಟಕ್ಕೆ ಕೂಟವೇ ಬಿದ್ದು ಬಿದ್ದು ನಕ್ತು. ಎಲ್ರ ಮನೇಲೂ ಅಂಥವನೊಬ್ಬ ಇದಾನಂತೆ.”

“ನಂಗೆ ಕೇಳಿಸ್ತಿತ್ತಲ್ಲ, ಆ ನಗು ಇದಾ?”

“ಇದೇ.”

ಲಿಫ್ಟಕ್ಕ ಹತ್ತುತ್ತಾರೆ. ಜೊತೆಗೆ ನಾನೂ ಹೋಗಿ ಕೋಣೆಯ ಹೊರಗೇ ನಿಲ್ಲುತ್ತೇನೆ. ತೆರೆದ ಬಾಗಿಲಿನ ಪಕ್ಕದ ಕುರ್ಚಿಯಲ್ಲಿ, ತುದಿಗೆ, ಅವರು ಕೂರುತ್ತಾರೆ.

“ಹೊಸಬರು ಹೇಳಿ,” ಒಳಗೆ ಯಾರೋ ಅನ್ನುತ್ತಾರೆ.

“ನನಗೊಬ್ಬಳು ನಾದಿನಿ ಇದಾಳೆ...”

ಅಷ್ಟರಲ್ಲಿ ಹಜಾರದಲ್ಲಿ ಲಿಫ್ಟಿನ ಗಂಟೆ ಕೇಳಿಸುತ್ತದೆ. ಅರ್ಧ ಎದ್ದ ಲಿಫ್ಟಕ್ಕ, ಕೈಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ ಬೆನ್ನು ಒರಗಿಸಿ ಕೂರುತ್ತಾರೆ.