ಗಾಡಿ ಹತ್ತಿದ ಅಕ್ಕ

ಇವತ್ತು ಬೆಳಗ್ಗೆ ಅಂಗಡಿಯ ಷಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದೆ. ಅದರ ಪರಿಮಳವನ್ನು ಮೀರಿಸಿ ಇನ್ನೊಂದು ವಾಸನೆ ಒಳಗೆ ಬಂತು. ನೋವಿನ ಎಣ್ಣೆ, ಬೆವರು, ರಸ್ತೆಯ ಧೂಳು ಮೂರೂ ಕಲೆತ ವಾಸನೆ. ತಿರುಗಿ ನೋಡಿದರೆ ಬಾಗಿಲಲ್ಲಿ ಐದಾರು ಜನ ಪಾದಯಾತ್ರಿಗಳು, ಬೆನ್ನಿಗೆ ಬ್ಯಾಗು, ಕುತ್ತಿಗೆಗೆ ಟವೆಲ್ಲು. “ಅಣ್ಣಾ, ಒಂದ್ ಬಾಟ್ಲಿ ನೀರ್ ಹಿಡ್ಕಳಾ?” ಎಂದು ಒಬ್ಬ ಕೇಳಿದ. ಕೇಳಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. “ನಲ್ಲಿ ಅಲ್ಲೇ ಐತಲ್ಲಯ್ಯ, ಕಣ್ ಕಾಣಲ್ವಾ?” ಎಂದೆ. ಪಾಪ, ಅವನು ನೀರು ಹಿಡಿದುಕೊಂಡು ನನಗೇ ಕೈ ಮುಗಿದು ಹೋದ. ಕೈ ಮುಗಿದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನನ್ನ ಸಿಟ್ಟಿನ ವಿಷಯ ಕಡೂರಿನಲ್ಲಿ ಎಲ್ಲರಿಗೂ ಗೊತ್ತು. ನಿಮಗೆ ಗೊತ್ತಿರಲಾರದು, ಹೇಳಿಬಿಡುತ್ತೇನೆ. ನಾನು ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿಯ ಕಾಯಿಲ್ ಸುತ್ತುವ ಕೆಲಸ, ಮಾಡುವವನು. ಬೋರ್‌ವೆಲ್ಲಿನ ಮೋಟಾರು ಸುಟ್ಟಿತೆಂದು ಯಾರಾದರೂ ಹೊತ್ತು ತಂದರೆ ನನ್ನಲ್ಲಿ ಮೊದಲು ಬೈಗುಳ, ಆಮೇಲೆ ಕೆಲಸ. ವೋಲ್ಟೇಜ್ ನೋಡದೆ ಸ್ವಿಚ್ ಹಾಕಿದವನಿಗೆ ಹೂವಿನ ಹಾರ ಹಾಕಬೇಕೇ? ಕೈಕೆಲಸ ಚೆನ್ನಾಗಿದೆ, ಆದರೆ ಬಚ್ಚಲು ಬಾಯಿ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರಂತೆ. ಬೈಸಿಕೊಂಡೂ ನನ್ನ ಹತ್ತಿರವೇ ಬರುತ್ತಾರಲ್ಲ, ಅದು ಸಾಕು. ಆದರೆ ಪಾದಯಾತ್ರಿಗಳನ್ನು ಕಂಡರೆ ಬರುವ ಸಿಟ್ಟು ಬೇರೆ ಜಾತಿಯದು. ಅದಕ್ಕೆ ಕಾರಣ ನಮ್ಮಕ್ಕ.

ಜಯಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಪಂಚನಹಳ್ಳಿಯಲ್ಲಿ ಅವಳದೊಂದು ತೆಂಗಿನ ತೋಟವಿದೆ. ಭಾವ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು, ನನಗೆ ಹದಿನೆಂಟು. ಅಂದಿನಿಂದ ಆ ತೋಟ ನೋಡಿದವಳು ಅವಳೇ, ನನ್ನನ್ನು ತರೀಕೆರೆಯಲ್ಲಿಟ್ಟು ಐ.ಟಿ.ಐ. ಓದಿಸಿದವಳೂ ಅವಳೇ. ನೆಲಕ್ಕೆ ಹುಗಿದ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುವುದು ನಮ್ಮ ಕಡೆ ಗಂಡಸರ ಕೆಲಸ. ಆಳು ಬಾರದ ದಿನ ಅಕ್ಕ ಸೆರಗು ಬಿಗಿದು ತಾನೇ ನಿಲ್ಲುತ್ತಿದ್ದಳು. “ಕೈ ನೋಯಲ್ವಾ ಅಕ್ಕಾ?” ಎಂದರೆ “ಆಯ್ತದೆ ಬಿಡೋ” ಎನ್ನುವಳು. ಯಾವುದನ್ನು ಕೇಳಿದರೂ ಅವಳ ಉತ್ತರ ಇದೊಂದೇ. ಮದುವೆ ಮನೆಗೆ ಅಡಿಗೆಯವನು ಕೈಕೊಟ್ಟರೆ ಇನ್ನೂರು ಜನಕ್ಕೆ ಅಡಿಗೆ ಆಯ್ತದೆ. ಜ್ವರದಲ್ಲಿ ತೋಟಕ್ಕೆ ನೀರು ಹಾಯಿಸುವುದು ಆಯ್ತದೆ. ನಾವೆಲ್ಲ ಅದನ್ನು ಎಷ್ಟು ನಂಬಿಬಿಟ್ಟೆವೆಂದರೆ, ಅವಳಿಗೆ ಆಗುತ್ತದೋ ಇಲ್ಲವೋ ಎಂದು ಕೇಳುವುದನ್ನೇ ಬಿಟ್ಟೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಎರಡೂವರೆ ವರ್ಷದ ಹಿಂದೆ ನನಗೆ ಎದೆನೋವು ಬಂದು ಆಸ್ಪತ್ರೆ ಸೇರಿ ಸ್ಟೆಂಟ್ ಹಾಕಿಸಿಕೊಳ್ಳಬೇಕಾಯಿತು. ನಾನು ಒಳಗೆ ಮಲಗಿದ್ದಾಗ ಹೊರಗೆ ಬೆಂಚಿನ ಮೇಲೆ ಕೂತ ಅಕ್ಕ, ತಮ್ಮ ಎದ್ದು ಓಡಾಡುವಂತಾದರೆ ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆದು ಬರುತ್ತೇನೆ ಎಂದು ಹರಕೆ ಹೊತ್ತುಬಿಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಗೊತ್ತಾದಾಗ ಮನೆ ಹಾರಿಹೋಗುವಂತೆ ಕೂಗಾಡಿದೆ. “ಕಾಯಿಲ್ ಸುಟ್ರೆ ಕಾಯಿಲ್ ಬದ್ಲಾಯಿಸ್ಬೇಕು, ನಡೆದ್ರೆ ಸರಿಹೋಗುತ್ತಾ? ಡಾಕ್ಟ್ರು ಬದ್ಲಾಯಿಸಿದ್ರು, ಮುಗೀತು” ಎಂದೆ. ಹರಕೆ ಗಿರಕೆಗಳನ್ನು ನಾನು ನಂಬುವವನಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ಭಾಷಣ ಬಿಗಿದವನು ನಾನು. ಅಕ್ಕ ನಕ್ಕು, “ನೀನ್ ನಂಬ್‌ಬೇಡ. ಗಾಡಿ ತಗಂಡ್ ಬಾ, ಸಾಕು” ಎಂದಳು.

ಹೀಗೆ ನಾನು ಅದರ ಮುಂದಿನ ಶಿವರಾತ್ರಿಗೆ ಮುಂಚೆ, ಮೋಟಾರು ಸಾಗಿಸುವ ನನ್ನ ಗಾಡಿ ತೆಗೆದುಕೊಂಡು, ಪಂಚನಹಳ್ಳಿಯ ಪಾದಯಾತ್ರೆಯ ತಂಡಕ್ಕೆ ಲಗೇಜ್ ಗಾಡಿಯ ಡ್ರೈವರ್ ಆದೆ. ಅಜ್ಜಂಪುರ, ಅಮೃತಾಪುರದ ಕಡೆಯವರು ತರೀಕೆರೆ ಮೇಲೆ ಹೋಗುತ್ತಾರೆ. ನಮ್ಮವರದು ಕಡೂರು, ಸಖರಾಯಪಟ್ಟಣ, ಚಿಕ್ಕಮಗಳೂರಿನ ದಾರಿ. ಇಪ್ಪತ್ತೆರಡು ಜನರ ಅಕ್ಕಿ, ಬೇಳೆ, ಚಾಪೆ, ಗ್ಯಾಸ್ ಸಿಲಿಂಡರ್ ಎಲ್ಲ ನನ್ನ ಗಾಡಿಯಲ್ಲಿ. ಮುಂದೆ ಹೋಗಿ ಮರದ ನೆರಳು ನೋಡಿ ನಿಲ್ಲಿಸಿ ಉಪ್ಪಿಟ್ಟು ಕೆದಕುವುದು ನನ್ನ ಪಾಲಿನ ಭಕ್ತಿ. ತಂಡದ ಯಜಮಾನ ಶೇಖರಣ್ಣ ಹನ್ನೊಂದು ಸಲ ನಡೆದವನು. ಅವನದೊಂದು ಕಟ್ಟಳೆ ಇತ್ತು. ಹೊರಟ ಮೇಲೆ ನಡೆಯುವವರು ಯಾರೂ ಗಾಡಿಯ ಮೇಲೆ ಕಾಲಿಡುವಂತಿಲ್ಲ. ತಮ್ಮ ಬ್ಯಾಗು ಬೇಕಾದರೂ ಕೆಳಗೆ ನಿಂತು ಕೇಳಬೇಕು, ನಾನು ಎತ್ತಿ ಕೊಡಬೇಕು. ಗಾಡಿ ಹತ್ತಿದರೆ ಯಾತ್ರೆ ಮುರಿದಂತೆ.

ಬರಿಗಾಲಲ್ಲಿ ನಡೆಯುವವರನ್ನು ನೀವು ನೋಡಿದ್ದರೆ ಒಂದು ಸಂಗತಿ ಗಮನಿಸಿರುತ್ತೀರಿ. ಅವರು ರಸ್ತೆಯ ಅಂಚಿಗೆ ಬಳಿದ ಬಿಳಿ ಪಟ್ಟೆಯ ಮೇಲೆಯೇ ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ಬಣ್ಣ ನುಣುಪು, ಬಿಸಿಲಿಗೆ ಡಾಂಬರಿನಷ್ಟು ಕಾಯುವುದಿಲ್ಲ. ಅಕ್ಕ ಮೊದಲ ದಿನ ಪಂಚನಹಳ್ಳಿಯಿಂದ ಕಡೂರಿನವರೆಗೆ ಆ ಪಟ್ಟೆಯ ಮೇಲೆ ಹಾಡು ಹೇಳಿಕೊಂಡು ಬಂದಳು. ಎರಡನೆಯ ದಿನ ಸಖರಾಯಪಟ್ಟಣದ ದಾರಿಯಲ್ಲಿ ಹೊಸದಾಗಿ ಡಾಂಬರು ಹಾಕಿದ ಒಂದು ತುಂಡು ಬಂತು. ಪಟ್ಟೆ ಇನ್ನೂ ಬಳಿದಿರಲಿಲ್ಲ. ಪಕ್ಕದ ಮಣ್ಣಿಗಿಳಿದರೆ ಚೂಪು ಜಲ್ಲಿ. ಮೊದಲ ದಿನವೇ ಬೊಬ್ಬೆ ಎದ್ದ ಕಾಲು, ಅದಕ್ಕೆ ಯಾರೋ ತಿಳಿದವರು ಸೂಜಿ ದಾರ ಪೋಣಿಸಿ ನೀರು ತೆಗೆದ ಕಾಲು, ಆ ಕಪ್ಪು ಡಾಂಬರಿನ ಮೇಲೆ ಎರಡು ಗಂಟೆ ನಡೆಯಿತು.

ಹತ್ತು ಗಂಟೆಯ ಹೊತ್ತಿಗೆ ನಾನು ಒಂದು ಹೊಂಗೆ ಮರದ ಕೆಳಗೆ ತಿಂಡಿ ಇಟ್ಟುಕೊಂಡು ಕಾಯುತ್ತಿದ್ದೆ. ಎಲ್ಲರೂ ಬಂದರು. ಎಲ್ಲರಿಗಿಂತ ಹಿಂದೆ ಅಕ್ಕ ಬಂದಳು. ಮೋರಿಯ ಕಟ್ಟೆಯ ಮೇಲೆ ಕೂತು ಪಾದ ತಿರುಗಿಸಿ ನೋಡಿಕೊಂಡಳು. ಹಿಮ್ಮಡಿಯ ಚರ್ಮ ಸುಲಿದು ಜೋತುಬಿದ್ದಿತ್ತು. ಕೊಟ್ಟ ಉಪ್ಪಿಟ್ಟನ್ನು ಪೂರ್ತಿ ತಿಂದು, ಕೈ ತೊಳೆದು, ಊರಿನ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿದಳು:

“ಲೇ, ಗಾಡಿ ಬಾಗ್ಲು ತೆಗಿ. ನನ್ ಕೈಲಿ ಆಗಲ್ಲ. ಮನೆಗ್ ಹೋಗಣ.”

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಶೇಖರಣ್ಣ ಬಂದು, “ಜಯಕ್ಕಾ, ಇನ್ನೂ ನಮ್ ತಾಲ್ಲೂಕೇ ದಾಟಿಲ್ವಲ್ಲ. ಸಂಜೆ ತಂಕ ಕೂತ್ಕ, ತಂಪೊತ್ನಾಗೆ ನಿಧಾನಕ್ ನಡಿಯಣ” ಎಂದ. ಅವನದು ಒಳ್ಳೆಯ ಮಾತೇ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಬಾಯಿ ಹಾಕಿದಳು. “ತಮ್ಮನ್ ಹೆಸರಲ್ಲಿ ಹೊತ್ತಿರೋದು ಕಣಕ್ಕ. ಅರ್ಧಕ್ ಬಿಟ್ರೆ ಅದು ತಮ್ಮನ್ ತಲೆ ಮೇಲ್ ತಾನೇ ಬರೋದು?”

ಇಪ್ಪತ್ತೊಂದು ಜನರೂ ನನ್ನ ಕಡೆ ತಿರುಗಿದರು.

ಇನ್ನು ಮುಂದಿನದು ನನಗೆ ಹೇಳಲು ಕಷ್ಟ. ಸ್ವಲ್ಪ ಸಹಿಸಿಕೊಳ್ಳಿ. ಆ ಹೆಂಗಸಿನ ಮಾತು ಕಿವಿಗೆ ಬಿದ್ದದ್ದೇ ನನ್ನ ಎದೆಯ ಎಡಗಡೆ ಚುಳ್ ಎಂದಿತು. ನೋವಲ್ಲ, ಹೆದರಿಕೆ. ಮುಂದಿನ ತಿಂಗಳು ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಕಾಯಿಲ್ಲು, ವೋಲ್ಟೇಜು ಎಂದು ಭಾಷಣ ಬಿಗಿಯುತ್ತಿದ್ದ ಮಹಾನುಭಾವ ಎಲ್ಲಿ ಹೋದನೋ ಗೊತ್ತಿಲ್ಲ. ಚರ್ಮ ಸುಲಿದ ಪಾದವನ್ನು ಕಣ್ಣಾರೆ ನೋಡುತ್ತ ನಾನು ಹೇಳಿದೆ: “ಇನ್ನೊಂದ್ ಸ್ವಲ್ಪ ನೋಡಕ್ಕಾ. ಸಂಜೆ ತಂಕ ನೋಡು.”

“ನೋಡ್ದೆ ಕಣೋ. ಆಗಲ್ಲ” ಎಂದಳು ಅಕ್ಕ.

ಎದ್ದು ಕುಂಟುತ್ತ ಗಾಡಿಯ ಎಡಗಡೆ, ಮರದ ನೆರಳು ತಪ್ಪಿದ ಕಡೆ, ಹೋಗಿ ನಿಂತಳು. ಆ ಬಾಗಿಲಿನ ಹೊರಗಿನ ಹಿಡಿ ಮುರಿದುಹೋಗಿತ್ತು, ಒಳಗಿನಿಂದಲೇ ತೆಗೆಯಬೇಕಿತ್ತು. ನಾನು ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಆ ಬಾಗಿಲಿಗೆ ಕೈ ಚಾಚಿದೆ. ಚಾಚಿದ ಕೈ ಅಲ್ಲೇ ನಿಂತಿತು. ಗಾಜಿನ ಆಚೆ ಅಕ್ಕ ಬಿಸಿ ನೆಲದ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಊರಿ, ಕಾಲು ಬದಲಾಯಿಸುತ್ತ ಕಾಯುತ್ತಿದ್ದಳು. ಈಗಲೂ ಮನಸ್ಸು ಬದಲಾಯಿಸಿಯಾಳು, ನಡೆದುಬಿಟ್ಟಾಳು ಎಂದು ನಾನು ಕಾದೆ. ಅರ್ಧ ನಿಮಿಷವಿರಬಹುದು. ನನ್ನನ್ನು ಸಾಕಿದವಳನ್ನು ನಾನು ಅರ್ಧ ನಿಮಿಷ ಬಿಸಿಲಲ್ಲಿ ನಿಲ್ಲಿಸಿದೆ.

ಆಮೇಲೆ ಬಾಗಿಲು ತೆಗೆದೆ, ಕೈ ಹಿಡಿದು ಹತ್ತಿಸಿದೆ, ಕೆಳಗಿಳಿದು ಬಂದು ಎಲ್ಲರ ಮೇಲೆ ಹರಿಹಾಯ್ದೆ. “ಬಂದ್ರೆ ನನ್ ತಲೆ ಮೇಲ್ ತಾನೇ ಬರೋದು? ನಿಮ್ಮಪ್ಪನ್ ಮನೆ ಗಂಟೇನ್ ಹೋಗುತ್ತೆ? ಅವಳ ಕಾಲಿಗಿಂತ ನಿಮ್ ಶಾಸ್ತ್ರ ಹೆಚ್ಚಾ?” ಹೀಗೆಲ್ಲ. ಆ ಹೆಂಗಸು ಅತ್ತಳು. ಶೇಖರಣ್ಣ ತಲೆ ತಗ್ಗಿಸಿದ. ಯಾರೋ ಒಬ್ಬರು, “ತಮ್ಮ ಅಂದ್ರೆ ಹಿಂಗಿರ್ಬೇಕು” ಎಂದದ್ದು ಕೇಳಿಸಿತು. ಆ ಹೊಗಳಿಕೆಯನ್ನು ನಾನು ಬೇಡವೆನ್ನಲಿಲ್ಲ.

ಕಡೂರಿಗೆ ಬರುವ ದಾರಿಯಲ್ಲಿ ಅಕ್ಕ ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ತಲೆ ಕಿಟಕಿಗೆ ಕುಟ್ಟುತ್ತಿದ್ದರೂ ಎಚ್ಚರವಾಗದಂಥ ನಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಅವಳ ಕಾಲು ತೊಳೆದು ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ನಾನು ಸಂಜೆಯೊಳಗೆ ವಾಪಸ್ಸು ಹೋಗಲೇಬೇಕಿತ್ತು. ನಾನು ಬೈದ ಅಷ್ಟೂ ಜನರ ಅಕ್ಕಿ, ಚಾಪೆ ನನ್ನ ಗಾಡಿಯಲ್ಲಿತ್ತು. ಹಾಗಾಗಿ ಹರಕೆ ಹೊತ್ತವಳು ಕಡೂರಿನಲ್ಲಿ ಮಲಗಿದಳು, ನಂಬದವನು ಚಾರ್ಮಾಡಿ ಘಾಟಿ ಇಳಿದು, ಒಂದು ಹೆಜ್ಜೆಯೂ ನಡೆಯದೆ, ಧರ್ಮಸ್ಥಳ ತಲುಪಿದ.

ಒಳಗೆ ಹೋದೆಯಾ ಎಂದು ಕೇಳುತ್ತೀರಿ. ಹೋದೆ. ಸ್ನಾನ ಮಾಡಿ, ಅಂಗಿ ಬಿಚ್ಚಿ, ಸಾಲಿನಲ್ಲಿ ನಿಂತು ಹೋದೆ. ದೇವರ ಮುಂದೆ ನಿಂತಾಗ ನನ್ನ ಬಾಯಿಂದ ತಾನಾಗಿ ಬಂದ ಮಾತು ಇದು: “ಸ್ವಾಮಿ, ನಮ್ಮಕ್ಕನ್ ಕೈಲಿ ತಪ್ಪಾಯ್ತು. ಹೊಟ್ಟೇಗ್ ಹಾಕ್ಕೋ.” ಮುಂದಿನ ತಿಂಗಳು ಡಾಕ್ಟರು ಎಲ್ಲ ಸರಿಯಿದೆ ಎಂದಾಗ, ಕೇಳಿಕೊಂಡದ್ದು ಒಳ್ಳೆಯದಾಯಿತು ಎಂದು ಕೂಡ ಅನ್ನಿಸಿತು. ಪಾದಯಾತ್ರಿಗಳ ಮೇಲೆ ನನಗೇಕೆ ಸಿಟ್ಟು ಎಂದು ಈಗ ನಿಮಗೆ ತಿಳಿದಿರಬೇಕು. ಅವರ ಮೇಲಲ್ಲ ಅದು.

ಊರಿನ ಬಾಯಿ ಸುಮ್ಮನಿರುತ್ತದೆಯೇ? “ಜಯಕ್ಕಾ, ಕಾಲೆಂಗೈತೆ?” ಎಂದು ನಗು ಅದುಮಿಕೊಂಡು ಕೇಳುವವರು ಇವತ್ತಿಗೂ ಇದ್ದಾರೆ. “ನಮ್ ತಾಲ್ಲೂಕ್ ಬುಟ್ಟೋಗಕೆ ಮನ್ಸಾಗ್ಲಿಲ್ಲ ಕಣವ್ವ” ಎಂದು ಅಕ್ಕ ಅವರಿಗಿಂತ ಜೋರಾಗಿ ನಗುತ್ತಾಳೆ. ಅವಳು ನಕ್ಕಷ್ಟೂ ನಾನು ಉರಿಯುತ್ತೇನೆ.

ಇವತ್ತು ಮಧ್ಯಾಹ್ನ ಅಕ್ಕ ಬಸ್ಸಿನಲ್ಲಿ ಬಂದಳು, ಚೀಲದಲ್ಲಿ ತೋಟದ ಪಂಪಿನ ಕೆಟ್ಟ ಸ್ಟಾರ್ಟರ್ ಇಟ್ಟುಕೊಂಡು. ಅದನ್ನು ಬಿಚ್ಚುತ್ತಿದ್ದಾಗ, “ಶೇಖರ ಗಾಡಿ ಕೇಳ್ದ್ನಂತೆ, ಆಗಲ್ಲ ಅಂದ್ಯಂತೆ. ನಾಡಿದ್ದು ಹೊರಡ್ತಾರೆ. ಕೊಡೋ” ಎಂದಳು. ನಾನು ಸ್ಕ್ರೂಡ್ರೈವರ್ ಎಸೆದು ಶುರುಮಾಡಿದೆ. ಅವತ್ತು ಅವರು ಹಾಗಂದರು, ಹೀಗಂದರು, ನಿನ್ನ ಕಾಲಿನ ಮೇಲೆ ಒಬ್ಬರಿಗೂ ಕರುಣೆಯಿರಲಿಲ್ಲ. ಅಕ್ಕ ಮುಗಿಯುವವರೆಗೂ ಕೇಳಿ, “ಅವ್ರು ನಾಕ್ ಮಾತಂದ್ರು, ನಾನ್ ಬಂದೆ, ಮುಗೀತು. ಎರಡ್ ವರ್ಷದಿಂದ ನಿಂಗ್ ಏನೋ ಉರಿ?” ಎಂದಳು. ಆಗ ಬಾಯಿ ಬಿಟ್ಟೆ. ಬಾಗಿಲು ತೆಗೆಯದ ಅರ್ಧ ನಿಮಿಷ ಹೇಳಿದೆ. ಅದಕ್ಕೆ ಅವಳು “ಗೊತ್ತು ಬಿಡು, ನೀನ್ ಹೆದ್ರುಕಂಡಿದ್ದೆ” ಎಂದಳು ಅಷ್ಟೆ. ದೇವರ ಮುಂದೆ ಕೇಳಿಕೊಂಡದ್ದನ್ನೂ ಹೇಳಿದೆ.

ಅಕ್ಕನ ಮುಖ ಬಿಗಿಯಿತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಇದೇ ಮೊದಲು. ನನ್ನದರಂತೆ ಕೂಗಾಡುವ ಸಿಟ್ಟಲ್ಲ. ದನಿ ಇಳಿಸಿ ಕೇಳಿದಳು:

“ಹುಟ್ಟಿದಾಗಿಂದ ಒಂದೇ ಒಂದ್ ಸಲ ಆಗಲ್ಲ ಅಂದೆ ಕಣೋ. ಅದನ್ನೂ ತಪ್ಪು ಅಂದ್‌ಬಿಟ್ಯಾ? ನನ್ ಪರವಾಗಿ?”

“ಹೂಂ ಅಕ್ಕಾ” ಎಂದೆ.

ಅವಳು ನಾನು ಎಸೆದಿದ್ದ ಸ್ಕ್ರೂಡ್ರೈವರ್ ಎತ್ತಿ ಸ್ಟಾರ್ಟರಿನ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. “ಹಂಗಾರೆ ನೀನೇ ಹೋಗಿ ಆ ಮಾತ್ ವಾಪಸ್ ತಗಂಡ್ ಬಾ. ನಮ್ಮಕ್ಕಂದೇನೂ ತಪ್ಪಿಲ್ಲ, ನಾನೇ ತಪ್ ಹೇಳ್ದೆ ಅಂತ ಹೇಳ್‌ಬಿಟ್ ಬಾ. ಗಾಡಿ ಬೇರೆಯವ್ರ್ ಓಡಿಸ್ಲಿ. ನೀನ್ ನಡಿ. ದಿನಾ ನಡೀಬೇಕು ಅಂತ ಡಾಕ್ಟ್ರೂ ಹೇಳವ್ರಲ್ಲ.”

ಅಂಗಡಿಯಲ್ಲಿ ಕೂತು ಕೂತು ಬೆಳೆದ ನನ್ನ ಹೊಟ್ಟೆಯನ್ನು ನೋಡಿಕೊಂಡೆ. “ಅಷ್ಟ್ ದೂರ ನನ್ ಕೈಲಿ ಆಗದಿದ್ರೆ?” ಎಂದೆ.

“ಎಲ್ಲಿ ಆಗಲ್ವೋ ಅಲ್ಲೇ ಕೂತ್ಕಂಡ್ ಫೋನ್ ಮಾಡು. ನಾನ್ ಬಸ್ ಹತ್ತಿ ಬಂದು ಕರ್ಕಂಡ್ ಬತ್ತೀನಿ” ಎಂದಳು ಅಕ್ಕ. “ಯಾಕೆ ಅಂತ ಒಂದ್ ಮಾತೂ ಕೇಳಲ್ಲ.”