ಆರಲಿ ಅಕ್ಕನ ಮುದ್ರೆ

ವಿಮಾನದೊಳಗಿನ ತಂತಿಯೂ ನಿಮ್ಮ ಮನೆಯ ಗೋಡೆಯೊಳಗಿನ ತಂತಿಯ ಜಾತಿಯೇ. ಮಿತಿಮೀರಿ ಕರೆಂಟು ಹರಿದರೆ ಕಾಯುತ್ತದೆ, ಕಾದರೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಾದರೆ ಬೀದಿಗೆ ಓಡಬಹುದು. ಮೂವತ್ತು ಸಾವಿರ ಅಡಿ ಮೇಲೆ ಎಲ್ಲಿಗೆ ಓಡುತ್ತೀರಿ? ಕಿಟಕಿ ಪಕ್ಕದ ಸೀಟಿಗೆ ಮುಖ ಊದಿಸಿಕೊಳ್ಳುವ ನಾವು ಇದನ್ನು ಒಮ್ಮೆಯೂ ಕೇಳಿಕೊಂಡವರಲ್ಲ.

ಕೇಳಿಕೊಂಡವಳು ಒಬ್ಬ ಇಸ್ತ್ರಿಯವನ ಮಗಳು. ವಿಮಾನದ ಬಿಡಿಭಾಗ ದುರಸ್ತಿ ಮಾಡುವ ಕಾರ್ಖಾನೆಯ ಎರಡನೇ ಶೆಡ್ಡಿನಲ್ಲಿ, ಮಿತಿಮೀರಿದ ಕರೆಂಟನ್ನು ತಾನಾಗಿ ಕಡಿಯುವ ಸರ್ಕ್ಯೂಟ್ ಬ್ರೇಕರ್ ಪರೀಕ್ಷಿಸುವ ಬೆಂಚು ಇಪ್ಪತ್ತೆರಡು ವರ್ಷದಿಂದ ಅವಳದು. ಯಾರು ಎಷ್ಟೇ ಅವಸರ ಮಾಡಿದರೂ ಅವಳದು ಒಂದೇ ಮಾತು, “ತಾಳಿ, ಆರ್ಲಿ.” ಹಾಗಾಗಿ ಶೆಡ್ಡಿಗೆಲ್ಲ ಅವಳು ‘ಆರಲಿ ಅಕ್ಕ’.

ಈ ಬ್ರೇಕರು ಪೈಲಟ್ಟಿನ ಕೈಗೆ ಸಿಗುವ ಜಾಗದಲ್ಲಿ ಇರುವುದಿಲ್ಲ. ಹೆಬ್ಬೆರಳು ದಪ್ಪದ ತಂತಿಗಳನ್ನು ಮುಂದಿನ ಕೋಣೆಯ ತನಕ ಎಳೆದರೆ ವಿಮಾನ ಭಾರವಾಗುತ್ತದೆಂದು ಅದನ್ನು ಎಲ್ಲೋ ನೆಲದ ಹಲಗೆಯ ಕೆಳಗೆ ಕೂರಿಸುತ್ತಾರೆ. ಪೈಲಟ್ಟಿನ ಮುಂದಿರುವುದು ಸಣ್ಣ ತಂತಿಯ ತುದಿಯಲ್ಲಿ ಒಂದು ಪುಟ್ಟ ಗುಂಡಿ. ದೂರದಲ್ಲಿ ಬ್ರೇಕರ್ ಟ್ರಿಪ್ ಆಗಿ ಕರೆಂಟು ಕಡಿದರೆ ಇಲ್ಲಿ ಗುಂಡಿ ಹೊರಕ್ಕೆ ಚಿಮ್ಮುತ್ತದೆ. ಗುಂಡಿ ಎಳೆದರೆ ಅಲ್ಲಿ ಕರೆಂಟು ಕಡಿಯುತ್ತದೆ. ಆದರೆ ಟ್ರಿಪ್ ಆಗಬೇಕಾದ ಹೊತ್ತಿಗೆ ಬ್ರೇಕರೇ ಗಟ್ಟಿಯಾಗಿ ಕೂತುಬಿಟ್ಟರೆ ಪೈಲಟ್ಟಿಗೆ ಸುದ್ದಿಯೇ ಇಲ್ಲ.

ಅದರ ಒಳಗಿನ ಜೀವ ಎರಡು ಲೋಹ ಬೆಸೆದ ಪಟ್ಟಿ. ಕಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ, ಕೊಂಡಿ ಬಿಡುತ್ತದೆ. ಇಂಥದೇ ಪಟ್ಟಿಯನ್ನು ಅವಳು ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಕೆಟ್ಟ ಇಸ್ತ್ರಿಪೆಟ್ಟಿಗೆ ಬಿಚ್ಚಿ ನೋಡಿದ್ದಳು. ಬಿಚ್ಚಿದ್ದಕ್ಕೆ ಬೈಸಿಕೊಂಡಳು. ಸರಿಮಾಡಿ ಕೊಟ್ಟ ಮೇಲೆ ಅಪ್ಪ ಡಿಪ್ಲೊಮಾ ಓದಿಸುವ ಮಾತೆತ್ತಿದ.

ಬೆಂಚಿನ ಕ್ರಮ ಸರಳ. ಮೊದಲು ಬ್ರೇಕರಿನಲ್ಲಿ ಅದರ ಮಿತಿಯಷ್ಟು ಪೂರ್ತಿ ಕರೆಂಟನ್ನು ಒಂದು ಗಂಟೆ ಹರಿಸಬೇಕು, ಟ್ರಿಪ್ ಆಗಕೂಡದು. ಆಮೇಲೆ ಎರಡು ಪಟ್ಟು ಹರಿಸಬೇಕು. ನಲವತ್ತು ಸೆಕೆಂಡಿನೊಳಗೆ ಟ್ರಿಪ್ ಆಗಲೇಬೇಕು. ಪಾಸಾದದ್ದಕ್ಕೆ ಆಯಾ ಬೆಂಚಿನವರು ತಮ್ಮ ಮುದ್ರೆ ಒತ್ತಬೇಕು. ಎರಡು ಪರೀಕ್ಷೆಯ ನಡುವೆ ಅವಳು ಎರಡು ಗಂಟೆ ಆರಲು ಬಿಡುತ್ತಿದ್ದಳು. ಕೈಪಿಡಿಯಲ್ಲಿ ‘ತಣಿದ ಮೇಲೆ’ ಅಂತಿತ್ತೇ ಹೊರತು ಎಷ್ಟು ಹೊತ್ತು ಅಂತಿರಲಿಲ್ಲ. ಹೊಸದಾಗಿ ಬಂದ ಮ್ಯಾನೇಜರ್ ಆ ಸಂದಿಯಲ್ಲಿ ನುಸುಳಿದ. ಐದು ನಿಮಿಷ ಫ್ಯಾನ್ ಸಾಕು ಎಂದ. ಪಕ್ಕದ ಬೆಂಚಿನಲ್ಲಿ ಒಂದು ತಿಂಗಳು ಹಾಗೇ ನಡೆಯಿತು. ಒಂದೂ ಫೇಲಾಗಲಿಲ್ಲ! ಖುಷಿಗೆ ಶೆಡ್ಡಿಗೆಲ್ಲ ಕೇಕ್ ಹಂಚಿದ.

ಅವಳು ಕೇಕ್ ಮುಟ್ಟಲಿಲ್ಲ. ಫ್ಯಾನಿನ ಕೆಳಗಿದ್ದ ಬ್ರೇಕರಿನ ಕವಚ ತಣ್ಣಗಿತ್ತು, ತಂತಿ ಬಿಗಿಯುವ ತಾಮ್ರದ ಮೊಳೆ ಮಾತ್ರ ಬೆರಳು ಸುಡುತ್ತಿತ್ತು.

“ಏನಕ್ಕಾ, ಇನ್ನೂ ಆರ್ಲಿಲ್ವಾ? ನಿಮ್ಮ ಪಾಡಿಗೆ ಬಿಟ್ರೆ ವಿಮಾನಕ್ಕೆ ಮುಪ್ಪು ಬರುತ್ತೆ,” ಎಂದ ಮ್ಯಾನೇಜರ್.

“ಮುಪ್ಪು ಬಂದ್ರೆ ಕೋಲು ಹಿಡ್ಕೊಂಡು ಓಡಾಡುತ್ತೆ ಸಾರ್. ಬೆಂಕಿ ಬಂದ್ರೆ? ಒಳಗೆ ಕಾದಿರೋ ಪಟ್ಟಿನ ಇನ್ನಷ್ಟು ಕಾಯಿಸಿದ್ರೆ ಬೇಗ ಬಾಗದೆ ಏನು ಮಾಡುತ್ತೆ? ಕೈಲಾಗದ್ದೂ ಪಾಸಾಗುತ್ತೆ.”

“ನಿಮ್ಮ ಬೆಂಚಿನ ಮೂವತ್ತಾರು ಪೀಸೂ ಫ್ಯಾನ್ ಇಟ್ಟು ಪಾಸಾಗಿವೆ. ನಾಳೆ ಎಂಟು ಗಂಟೆಗೆ ವಿಮಾನ ಕಂಪನಿ ಇಂಜಿನಿಯರ್ ಬಂದು ತಗೊಂಡು ಹೋಗ್ತಾರೆ. ಅಷ್ಟರಲ್ಲಿ ಮುದ್ರೆ ಒತ್ತಿ. ಇಲ್ಲಾ, ಮುದ್ರೆ ಮೇಜಿನ ಮೇಲಿಟ್ಟು ಮನೆಗೆ ನಡೀರಿ.”

ಶೆಡ್ಡಿನಲ್ಲಿ ಇನ್ನೂ ಒಂಬತ್ತು ಜನರಿದ್ದರು. ಒಂಬತ್ತು ಜನಕ್ಕೂ ಅವಳು ಹೇಳಿದ್ದು ನಿಜವೆಂದು ಗೊತ್ತಿತ್ತು. ಒಂಬತ್ತೂ ತಲೆ ಬೆಂಚಿಗೆ ಬಗ್ಗಿದವು. ಒಬ್ಬ ಪಿಸುಗುಟ್ಟಿದ, “ಒತ್ತಿಬಿಡಕ್ಕಾ, ನಮಗ್ಯಾಕೆ ಊರ ಉಸಾಬರಿ?”

ಗಂಡನ ಅಂಗಡಿ ಮುಚ್ಚಿ ವರ್ಷವಾಗಿತ್ತು. ಮನೆ ನಿಂತಿದ್ದೇ ಅವಳ ಸಂಬಳದ ಮೇಲೆ. ಸಂಜೆ ಅತ್ತೆಯ ಮುಂದೆ ಎಲ್ಲ ಹೇಳಿಕೊಂಡಳು. ಬಟ್ಟೆ ಮಡಚುತ್ತಿದ್ದ ಮುದುಕಿ ತಲೆಯೆತ್ತಲಿಲ್ಲ.

“ಇಪ್ಪತ್ತು ವರ್ಷದಿಂದ ನನ್ನ ಮಾತಿಗೇ ಬಗ್ಗಿಲ್ಲ ನೀನು. ಮೊನ್ನೆ ಮೀಸೆ ಬಂದೋನಿಗೆ ಬಗ್ತೀಯೇನೇ? ನನ್ನ ಮರ್ಯಾದೆ ಏನಾಗಬೇಕು?”

ಸೊಸೆಗೆ ನಗು ತಡೆಯಲಾಗಲಿಲ್ಲ.

ಬೆಳಿಗ್ಗೆ ಇಂಜಿನಿಯರ್ ಬಂದಾಗ ಮುದ್ರೆ ಅವಳ ಜೇಬಿನಲ್ಲೇ ಇತ್ತು. ಮೂವತ್ತಾರು ಬ್ರೇಕರೂ ಕಪಾಟಿನಲ್ಲಿ ರಾತ್ರಿಯಿಡೀ ಕೂತು ಪೂರ್ತಿ ತಣಿದಿದ್ದವು.

“ಸಾರ್, ನೀವೇ ಯಾವುದಾದ್ರೂ ಮೂರು ಎತ್ತಿ ಕೊಡಿ. ಮೂರೂ ಸರಿ ಇದ್ರೆ ಎಲ್ಲದಕ್ಕೂ ಒತ್ತಿ, ಈ ಮುದ್ರೆನೂ ಇಲ್ಲೇ ಬಿಟ್ಟು ಹೋಗ್ತೀನಿ.”

ಎರಡು ಪಟ್ಟು ಕರೆಂಟು ಹರಿಸಿದಾಗ ಮೊದಲನೆಯದು ಮೂವತ್ತಮೂರು ಸೆಕೆಂಡಿಗೆ ಟಕ್ಕೆಂದಿತು. ಎರಡನೆಯದು ಮೂವತ್ತೆಂಟಕ್ಕೆ. ಮ್ಯಾನೇಜರ್ ಕೈಕಟ್ಟಿಕೊಂಡು ನಕ್ಕ.

ಮೂರನೆಯದು ನಲವತ್ತು ದಾಟಿತು. ಅರವತ್ತು. ಎಂಬತ್ತು. ಬೆಂಚಿನ ತಂತಿಯಿಂದ ರಬ್ಬರು ಸುಟ್ಟ ವಾಸನೆ ಎದ್ದಿತು. ತೊಂಬತ್ತನಾಲ್ಕಕ್ಕೆ ಟಕ್.

“ಬೆಂಚಿಂದೇನೋ ತೊಂದರೆ,” ಎಂದ ಮ್ಯಾನೇಜರ್.

“ಇರಬಹುದು. ಇದನ್ನೇ ಈಗ ನಿಮ್ಮ ಥರ ಮಾಡಿ ನೋಡೋಣ.” ಒಂದು ಗಂಟೆ ಪೂರ್ತಿ ಕರೆಂಟು, ಐದು ನಿಮಿಷ ಫ್ಯಾನ್. ಕರೆಂಟು ತೆಗೆದು, ತಂತಿ ಬಿಚ್ಚಿ, ಇಂಜಿನಿಯರಿಗೆ ತಾಮ್ರದ ಮೊಳೆ ತೋರಿಸಿದಳು. ಮುಟ್ಟಿದವನು “ಅಯ್ಯಪ್ಪಾ!” ಎಂದು ಬೆರಳು ಬಾಯಿಗಿಟ್ಟುಕೊಂಡ. ಮತ್ತೆ ಎರಡು ಪಟ್ಟು ಕರೆಂಟು. ಮೂವತ್ತೊಂದು ಸೆಕೆಂಡು. ಪಾಸು!

“ನೋಡಿದ್ರಾ ಸಾರ್? ಆಕಾಶದಲ್ಲಿ ಶಾರ್ಟ್ ಆಗೋಕೆ ಮುಂಚೆ ಯಾರಾದ್ರೂ ಬಂದು ಇದನ್ನ ಬೆಚ್ಚಗೆ ಮಾಡಿ ಹೋಗ್ತಾರಾ?”

ಇಂಜಿನಿಯರ್ ಫೋನ್ ಎತ್ತಿಕೊಂಡ. ಮೂವತ್ತಾರರಲ್ಲಿ ಏಳು ಫೇಲಾದವು. ಪಕ್ಕದ ಬೆಂಚಿನಿಂದ ಆ ತಿಂಗಳು ಹೋಗಿದ್ದ ಅಷ್ಟೂ ಬ್ರೇಕರುಗಳನ್ನು, ವಿಮಾನ ನಿಲ್ಲಿಸಿ ಕಳಚಿ, ವಾಪಸು ತರಿಸಿದರು. ಕೈಪಿಡಿಗೆ ಹೊಸ ಸಾಲು ಸೇರಿತು: ಎರಡು ಗಂಟೆ, ಮೊಳೆಗೆ ಥರ್ಮಾಮೀಟರ್ ಇಟ್ಟು ನೋಡಿದ ಮೇಲೆ. ಆ ಸಾಲು ಬರೆದದ್ದು ಅವಳೇ, ತನ್ನ ಕೈಯಾರೆ, ಮ್ಯಾನೇಜರ್ ಕೊಟ್ಟ ಪೆನ್ನಿನಲ್ಲಿ. ಬರೆದು, ಕೆಳಗೆ ತನ್ನ ಮುದ್ರೆಯನ್ನು ಮೇಜು ಅದುರುವಂತೆ ಒತ್ತಿದಳು.

ಶೆಡ್ಡಿನ ಒಂಬತ್ತೂ ಜನ ಎದ್ದು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಮುದ್ರೆ ಕೇಳಿದ ದಿನ ಆ ಹದಿನೆಂಟು ಕೈಗಳು ಎಲ್ಲಿದ್ದವು?

ಅವಳು ಗೆದ್ದಳು, ಒಬ್ಬಳೇ ಗೆದ್ದಳು. ನೀವು ದುಡಿಯುವ ಕಡೆಯೂ ‘ಇದಕ್ಕೆ ನಾನು ಒತ್ತಲ್ಲ’ ಅನ್ನುವವರು ಒಬ್ಬರಿದ್ದಾರೆ, ಯಾರೆಂದು ನಿಮಗೆ ಗೊತ್ತು. ನಾಳೆ ಅವರು ಹಾಗಂದಾಗ ಕುರ್ಚಿ ಬಿಟ್ಟು ಏಳಿ. ಪಕ್ಕದಲ್ಲಿ ಹೋಗಿ ನಿಲ್ಲಿ. ಚಪ್ಪಾಳೆ ಆಮೇಲಿರಲಿ.